ಹಂಡೆಯ ಶನಿವಾರ

"ಕೈ ಇಳಿಸು," ಎಂದ ವೆಂಡಲ್ ಫ್ರೈ. "ನೋಡು, ಮತ್ತೆ ಎತ್ತಿಬಿಟ್ಟೆ."

ಆರ್ಲೋ ಬೌಮನ್ ತನ್ನ ಬಲಗೈಯನ್ನು ತಾನೇ ನೋಡಿಕೊಂಡ. ಅದು ಕಿವಿಯ ಮಟ್ಟ ದಾಟಿ ಮೇಲೆ ಹೋಗಿ ನಿಂತಿತ್ತು. ಯಾವಾಗ ಹೋಯಿತೋ ಅವನಿಗೆ ತಿಳಿದೇ ಇರಲಿಲ್ಲ. ಆಳೆತ್ತರ ಮೀರಿದ ಕಿತ್ತಳೆ ಬಣ್ಣದ ಕೋಲು ಎಡಗೈಯೊಂದರಲ್ಲೇ ಉಳಿದು, ಕುಡಿದವರ ಹಾಗೆ ಒಂದು ಪಕ್ಕಕ್ಕೆ ವಾಲಿತ್ತು. ಅವನು ಕೈ ಇಳಿಸಿ, ಎರಡೂ ಕೈಯಿಂದ ಕೋಲನ್ನು ನೆಟ್ಟಗೆ ಮಾಡಿ, ಏನೂ ಆಗದವನ ಹಾಗೆ ನಿಂತ.

ವೆಂಡಲ್ ತನ್ನ ಗ್ಯಾರೇಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಹೊಸ ಮಂಡಿಚಿಪ್ಪು ಕೂರಿಸಿದ ಕಾಲನ್ನು ಬಣ್ಣದ ಡಬ್ಬಿಯ ಮೇಲೆ ಚಾಚಿಕೊಂಡಿದ್ದ. ಮಧ್ಯಾಹ್ನದಿಂದ ಅವನದು ಒಂದೇ ಕೆಲಸ, ರೇಡಿಯೋದವರ ದನಿ ಮಾಡಿಕೊಂಡು ಇಲ್ಲದ ಆಟವೊಂದನ್ನು ಬಣ್ಣಿಸುವುದು. ಕೆಸ್ಲರ್ ಹುಡುಗ ಚೆಂಡು ಕಸಿದ, ಓಡಿದ, ಮೂವತ್ತು ಗಜ, ನಲವತ್ತು ಗಜ, ಬ್ರಾಂಟಿನವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ. ಎದುರಿಗೆ ಇದ್ದದ್ದು ಮೇಪಲ್ ಮರದ ಒಣ ಎಲೆ, ಪಕ್ಕದ ಮನೆಯ ಬೆಕ್ಕು, ಅಷ್ಟೆ. ಎಲ್ಲ ಸುಳ್ಳೆಂದು ಆರ್ಲೋಗೆ ಚೆನ್ನಾಗಿ ಗೊತ್ತು. ಆದರೂ ಆ ಇಲ್ಲದ ಹುಡುಗ ಐವತ್ತು ಗಜ ಮುಟ್ಟುವುದರೊಳಗೆ ಇವನ ಕೈ ಮೇಲೇರಿಬಿಡುತ್ತಿತ್ತು. ಇದು ನಾಲ್ಕನೆಯ ಸಲ.

"ಸುಳ್ಳು ಆಟಕ್ಕೇ ಹಿಂಗೆ ಕುಣಿಯೋನು, ನಾಳೆ ನಿಜವಾದ್ದಕ್ಕೆ ಏನು ಮಾಡ್ತೀಯೋ?" ಎಂದ ವೆಂಡಲ್. ಬೈಗುಳವೇನಲ್ಲ, ಕಳವಳ.

ನಾಳೆ ಹಂಡೆಯ ಶನಿವಾರ. ವರ್ಷಕ್ಕೆ ಕಾಲೇಜಿನವರ ಹತ್ತು ಅಮೆರಿಕನ್ ಫುಟ್‌ಬಾಲ್ ಆಟ ಇರುತ್ತವೆ, ಒಂಬತ್ತು ಸೋತರೂ ಕೆಸ್ಲರ್ ಊರು ಊಟ ಬಿಡುವುದಿಲ್ಲ. ಹತ್ತನೆಯದು ಬ್ರಾಂಟಿನ ಮೇಲೆ. ನದಿಯ ಆಚೆ ಇಪ್ಪತ್ತೆರಡು ಮೈಲಿ ದೂರದ ಆ ಕಾಲೇಜಿಗೂ ಕೆಸ್ಲರಿನ ಕಾಲೇಜಿಗೂ ನಡುವೆ ಒಂದು ತಾಮ್ರದ ಹಂಡೆ. ಯಾವ ಕಾಲದಲ್ಲೋ ಎರಡೂ ಕಡೆಯವರು ಕೂಡಿ ಸೇಬಿನ ಪಾಕ ಕಾಯಿಸುತ್ತಿದ್ದ ಹಂಡೆಯಂತೆ. ಈಗ ಗೆದ್ದವರು ಒಯ್ಯುತ್ತಾರೆ. ಎಂಟು ವರ್ಷದಿಂದ ಅದು ಬ್ರಾಂಟಿನ ಗಾಜಿನ ಕಪಾಟಿನಲ್ಲಿ ಕೂತಿದೆ. ನಿಂಬೆಹಣ್ಣು ಉಪ್ಪು ಹಾಕಿ ತಿಕ್ಕಿ ತಿಕ್ಕಿ ಅವರು ಅದನ್ನು ಸವೆಸಿಯೇ ಬಿಟ್ಟಿದ್ದಾರೆಂದು ಕೆಸ್ಲರಿನವರಿಗೆ ಸಂಕಟ.

ಆರ್ಲೋ ಆ ಕಾಲೇಜಿನ ಮೆಟ್ಟಿಲು ಹತ್ತಿ ಓದಿದವನಲ್ಲ. ಊರವರ ನೆಲಮಾಳಿಗೆಗಳಲ್ಲಿ ಮಂಡಿಯೂರಿ ಮನೆ ಬೆಚ್ಚಗಿಡುವ ಫರ್ನೇಸು ರಿಪೇರಿ ಮಾಡುತ್ತ ಅರವತ್ತೆರಡು ತುಂಬಿಸಿಕೊಂಡವನು. ಆದರೆ ಮೈದಾನದ ಬದಿಯ ಹುಲ್ಲುಗುಡ್ಡದಲ್ಲಿ ಅವನಿಗೊಂದು ಜಾಗವಿತ್ತು, ಆ ಜಾಗಕ್ಕೊಂದು ದನಿಯಿತ್ತು. ಈ ಆಟದಲ್ಲಿ ಹತ್ತು ಗಜ ಮುಂದೆ ಹೋಗಲು ನಾಲ್ಕು ಸರದಿ. ಮೂರನೆಯದರಲ್ಲಿ ಮುಗ್ಗರಿಸಿದ ತಂಡ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಬಿಟ್ಟುಕೊಟ್ಟು ಕೈತೊಳೆದುಕೊಳ್ಳುತ್ತದೆ. ಹಾಗಾಗಿ ಎದುರಾಳಿಗಳ ಮೂರನೆಯ ಸರದಿ ಬಂದಾಗ ಇಡೀ ಗುಡ್ಡ ಒಂದು ಗಳಿಗೆ ಸುಮ್ಮನಾಗುತ್ತಿತ್ತು, ಆರ್ಲೋ ಎದ್ದು ನಿಂತು ಹೊಟ್ಟೆಯ ಆಳದಿಂದ ಕೂಗುತ್ತಿದ್ದ: "ಒಂದಿಂಚೂ ಬಿಡಬೇಡ್ರೋ!" ಅವನು ಕೂಗಿದ ಮೇಲೆಯೇ ಉಳಿದವರು ಬಾಯಿ ತೆರೆಯುವುದು. ಹೀಗೆ ಮೂವತ್ತೆಂಟು ವರ್ಷ.

ಹೋದ ಭಾನುವಾರ ಚರ್ಚಿನ ಹೊರಗೆ ವೆಂಡಲ್ ಊರುಗೋಲು ಊರಿಕೊಂಡು ಬಂದು, ನನ್ನ ಕೋಲು ಹಿಡಿಯುತ್ತೀಯಾ ಎಂದು ಕೇಳಿದ. ಹತ್ತು ಗಜ ಅಳೆಯಲು ಒಂದು ಸರಪಳಿ, ಸರಪಳಿಯ ಎರಡು ತುದಿಗೆ ಎರಡು ಕೋಲು. ಮುಂದಿನ ಕೋಲು ವೆಂಡಲನದು, ಇಪ್ಪತ್ತೇಳು ವರ್ಷದಿಂದ. ಅವನ ಮಂಡಿ ಕೈಕೊಟ್ಟಿತ್ತು. ಆರ್ಲೋನ ಬಾಯಿ ಹೂಂ ಅಂದುಬಿಟ್ಟಿತು. ತಲೆ ಯೋಚಿಸಿದ್ದು ಆಮೇಲೆ. ಕೋಲಿನವನು ಯಾರ ಕಡೆಯವನೂ ಅಲ್ಲ. ಕೆಸ್ಲರಿನ ಹಸಿರು ತೊಡುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ತುಟಿ ಪಿಟಕ್ಕೆನ್ನುವಂತಿಲ್ಲ. ನಿಲ್ಲಬೇಕಾದದ್ದು ಮೈದಾನದ ಆಚೆ ಬದಿಯಲ್ಲಿ, ಬ್ರಾಂಟಿನವರ ಉಸಿರು ಕುತ್ತಿಗೆಗೆ ತಾಗುವಷ್ಟು ಹತ್ತಿರ. ಬಾಯಿ ಬಿಟ್ಟರೆ ತೀರ್ಪುಗಾರ ಹೊರಗೆ ಕಳಿಸುತ್ತಾನೆ, ವೆಂಡಲನ ಇಪ್ಪತ್ತೇಳು ವರ್ಷದ ಮರ್ಯಾದೆ ಮೂರು ಕಾಸಾಗುತ್ತದೆ.

ಇದೊಂದೇ ಆಗಿದ್ದರೆ ಆರ್ಲೋ ಹೇಗೋ ಹಲ್ಲು ಕಚ್ಚಿ ನಿಲ್ಲುತ್ತಿದ್ದ. ಅವನನ್ನು ತಿನ್ನುತ್ತಿದ್ದದ್ದು ಬೇರೆ. ಇದೇ ಕೋಲನ್ನು ಒಮ್ಮೆ ಅವನ ಅಪ್ಪ ಹಿಡಿದಿದ್ದ.

ಆರ್ಲೋಗೆ ಆಗ ಹತ್ತು ವರ್ಷ. ಅಪ್ಪ ಎರ್ವಿನ್ ಬೌಮನ್ ಮುಂದಿನ ಕೋಲಿನವನು. ಆಟದ ಕೊನೆಗೆ ಬ್ರಾಂಟಿನವನೊಬ್ಬನನ್ನು ಕೆಸ್ಲರ್ ಹುಡುಗರು ಕೋಲಿನ ಹತ್ತಿರವೇ ಕೆಡವಿದರು. ಗೆದ್ದೆವೆಂದುಕೊಂಡು ಎರ್ವಿನ್ ಎರಡೂ ಕೈ ಮೇಲೆತ್ತಿ ಕುಣಿದ. ಕೋಲು ಧೊಪ್ಪನೆ ಬಿತ್ತು. ತೀರ್ಪುಗಾರ ಅಳೆಯಲು ಬಂದಾಗ ಅದು ಎಲ್ಲಿ ನಿಂತಿತ್ತೆಂದು ಹೇಳುವವರೇ ಇಲ್ಲ. ಸರಪಳಿಗೆ ಗುರುತಿನ ಕ್ಲಿಪ್ಪು ಹಾಕುವ ರೂಢಿ ಆಗ ಈ ಊರಿಗೆ ಬಂದಿರಲಿಲ್ಲ. ಹತ್ತು ಗಜ ಆಯಿತೆಂದು ಕಣ್ಣಂದಾಜಿನಲ್ಲಿ ಬ್ರಾಂಟಿಗೆ ಕೊಟ್ಟರು. ಎರಡು ನಿಮಿಷದಲ್ಲಿ ಬ್ರಾಂಟಿನವರು ಕೊನೆಯ ಗೆರೆ ದಾಟಿದರು, ಹಂಡೆ ನದಿ ದಾಟಿತು. ಸೋತು ಹಂಡೆ ಕಳೆದುಕೊಂಡವರು ಎಷ್ಟೋ ಜನ. ಸಂತೋಷಪಟ್ಟು ಕಳೆದವನು ಎರ್ವಿನ್ ಒಬ್ಬನೇ. ಊರು ಅವನಿಗೆ 'ಕೋಲು ಬಿಟ್ಟವನು' ಎಂದು ಹೆಸರಿಟ್ಟಿತು, ಮುಖದೆದುರು ಯಾರೂ ಹೇಳಲಿಲ್ಲ. ಅವನು ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ಶನಿವಾರ ಬಂತೆಂದರೆ ಫರ್ನೇಸು ನೋಡಿಬರುತ್ತೇನೆಂದು ನೆಲಮಾಳಿಗೆಗೆ ಇಳಿಯುತ್ತಿದ್ದ, ಕೆಳಗೆ ರೇಡಿಯೋ ಸಣ್ಣಗೆ ಕೇಳುತ್ತಿತ್ತು. ಕೆಸ್ಲರ್ ಮುಂದೆ ಹೋದಾಗ ಪೈಪಿನ ಮೇಲೆ ಸ್ಪ್ಯಾನರಿನಿಂದ ಟಣ್ ಎಂದು ಒಮ್ಮೆ ಬಡಿಯುತ್ತಿದ್ದ, ಅಷ್ಟೇ ಅವನ ಸಂಭ್ರಮ. ಗುಡ್ಡದ ಮೇಲೆ ಆರ್ಲೋ ಅಷ್ಟು ಜೋರಾಗಿ ಕೂಗುತ್ತಿದ್ದದ್ದು ಅಪ್ಪನ ಪಾಲಿನದನ್ನೂ ಸೇರಿಸಿ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಬಿಟ್ಟು.

ಕತ್ತಲಾಗುವ ಮುಂಚೆ ವೆಂಡಲ್ ಕೋಲನ್ನು ಗೋಡೆಗೆ ಒರಗಿಸಲು ಹೇಳಿದ. ಆಮೇಲೆ ಕಾಲು ನೀವಿಕೊಳ್ಳುತ್ತ, ಆರ್ಲೋನ ಮುಖ ನೋಡದೆ ಅಂದ: "ನಿಮ್ಮಪ್ಪ ಕೋಲು ಬಿಟ್ಟಾಗ ನಾನು ಅಲ್ಲೇ ಮೈದಾನದ ಹಗ್ಗದ ಹತ್ರ ನಿಂತಿದ್ದೆ. ಕೈ ಎತ್ತಿದ್ದು ತಪ್ಪಲ್ಲ ಕಣೋ, ಯಾರಾದ್ರೂ ಎತ್ತೋರೇ. ಎರಡೂ ಎತ್ತಿದ, ಅದು ತಪ್ಪು. ನಿಂದು ಒಂದೇ ಏಳುತ್ತೆ. ಅಷ್ಟು ವಾಸಿ."

ಮನೆಗೆ ಬಂದರೆ ಲೈಲ್ ಆಗಲೇ ಬಂದು ಒಲೆಯ ಮುಂದೆ ನಿಂತು ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದ. ಆರ್ಲೋನ ಹೆಂಡತಿ ನೋರೀನಳ ತಮ್ಮ, ಬ್ರಾಂಟಿನ ಅಂಗಡಿಯೊಂದರಲ್ಲಿ ಬಣ್ಣ ಮಾರುವವನು. ಹಂಡೆಯ ಶನಿವಾರದ ಹಿಂದಿನ ಸಂಜೆ ಅಕ್ಕನ ಮನೆಗೆ ಕುಂಬಳಕಾಯಿ ಪೈ ಹಿಡಿದುಕೊಂಡು ಬರುವುದು, ಭಾವನನ್ನು ಗೋಳು ಹೊಯ್ದುಕೊಳ್ಳುವುದು, ಬೆಳಿಗ್ಗೆ ಕೆಂಪು ಕೋಟು ತೊಟ್ಟು ಮೈದಾನದ ಆಚೆ ಬದಿಗೆ ಹೋಗುವುದು ಅವನ ಪದ್ಧತಿ. ನೋರೀನಳಿಗೆ ಬ್ರಾಂಟ್ ತವರು, ಕೆಸ್ಲರ್ ಗಂಡನ ಮನೆ. ಅವಳು ಪ್ರತಿ ವರ್ಷ ಗುಡ್ಡಕ್ಕೆ ಬರುತ್ತಾಳೆ, ಕಂಬಳಿ ಹಾಸಿ ಕೂರುತ್ತಾಳೆ, ಉಣ್ಣೆ ಹೆಣೆಯುತ್ತಾಳೆ. ಮೂವತ್ತೆಂಟು ವರ್ಷದಲ್ಲಿ ಒಂದು ಕಡೆಗೂ ಒಂದು ಸೊಲ್ಲೆತ್ತಿಲ್ಲ. ಯಾಕೆಂದು ಕೇಳಿದರೆ, ನಾನು ಗಾಳಿ ಕುಡಿಯಲು ಬಂದವಳು ಎನ್ನುತ್ತಾಳೆ. ಗೆದ್ದವನಿಗೂ ಸೋತವನಿಗೂ ಅವಳ ಮನೆಯಲ್ಲಿ ಒಂದೇ ಅಳತೆಯ ಪೈ.

ಕೋಳಿ ಹಾಕಿದ ನೂಡಲ್ಸನ್ನು ಹಿಸುಕಿದ ಆಲೂಗಡ್ಡೆಯ ಮೇಲೆ ಸುರಿದುಕೊಂಡು ಮೂವರೂ ಊಟಕ್ಕೆ ಕೂತರು. ಮೊದಲ ತುತ್ತು ಇಳಿಯುವ ತನಕ ಲೈಲ್ ತಡೆದುಕೊಂಡ, ಅದೇ ದೊಡ್ಡದು. ಆಮೇಲೆ ಶುರು. ಭಾವ ನಾಳೆ ತಮ್ಮ ಕಡೆಗೇ ಬರುತ್ತಿರುವ ಸುದ್ದಿ ಕೇಳಿ ಬ್ರಾಂಟಿನವರು ಕಾಫಿ ಕಾಯಿಸಿಡುತ್ತಿದ್ದಾರಂತೆ, ಬೇಕಿದ್ದರೆ ಒಂದು ಕೆಂಪು ಟೋಪಿಯೂ ಉಂಟಂತೆ. ಆರ್ಲೋ ಸುಮ್ಮನೆ ತಿಂದ. ನಾಳೆಯ ಅಭ್ಯಾಸ ಇವತ್ತೇ ಆಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡ. ಆದರೆ ಲೈಲ್ ಮುಂದೆ ಹೇಳಿದ ಮಾತಿಗೆ ಅವನ ಚಮಚ ಅರ್ಧದಲ್ಲೇ ನಿಂತಿತು.

"ನಿಜ ಹೇಳ್ತೀನಿ ಭಾವ, ನಮ್ಮೋರಿಗೆಲ್ಲ ಒಳಗೊಳಗೇ ದಿಗಿಲು. ಎಂಟು ವರ್ಷ ನೀವು ಕೂಗಿದ್ರಿ, ಎಂಟು ವರ್ಷವೂ ಹಂಡೆ ನಮ್ಮಲ್ಲೇ ಉಳೀತು. ಈ ಸಲ ನೀವು ಬಾಯಿ ಮುಚ್ಕೊಂಡ್ರೆ ಎಲ್ಲಿ ಎಡವಟ್ಟಾಗುತ್ತೋ ಅಂತ."

ಲೈಲ್ ನಕ್ಕ. ನೋರೀನಳೂ ನಕ್ಕಳು. ಆರ್ಲೋ ಮಾತ್ರ ಚಮಚ ತಟ್ಟೆಗಿಟ್ಟ. ಈ ಕೋನದಿಂದ ಅವನು ಯೋಚಿಸಿಯೇ ಇರಲಿಲ್ಲ. ನಾಳೆ ಸೋತರೆ, ಗುಡ್ಡದಲ್ಲಿ ತಾನು ಇಲ್ಲದ್ದರಿಂದಲೇ ಸೋತಿತು ಎಂದು ಊರು ಅನ್ನುತ್ತದೆ. ಗೆದ್ದರೆ? ಇಷ್ಟು ವರ್ಷದ ಕೂಗೇ ದಂಡವಾಯಿತು; ಅಥವಾ ಆ ಕೂಗೇ ಶನಿಯಾಗಿತ್ತು. ಅತ್ತ ದರಿ ಇತ್ತ ಪುಲಿ ಅಂದರೆ ಇದೇ. ಆದರೂ ಒಳಗಿನ ಆಸೆ ಕೇಳಬೇಕಲ್ಲ, ಅದು ನಾಚಿಕೆಯಿಲ್ಲದ್ದು. ಶನಿಯಾದರೆ ಆಗಲಿ, ಹಂಡೆ ಬರಲಿ ಎಂದಿತು.

ಅಡುಗೆಮನೆಯಲ್ಲಿ ಲೈಲ್ ಪಾತ್ರೆ ತೊಳೆಯತೊಡಗಿದಾಗ ನೋರೀನ್ ಮೇಜಿನ ಮೇಲೆ ಚೆಲ್ಲಿದ್ದನ್ನು ಒರೆಸುತ್ತ ಕೇಳಿದಳು, ಇಷ್ಟೊಂದು ಮುಖ ಸಣ್ಣ ಮಾಡಿಕೊಂಡು ಕೂರುವಂಥದ್ದು ಏನಾಯಿತೆಂದು. ಆರ್ಲೋ ಮಧ್ಯಾಹ್ನದ ಕಥೆ ಹೇಳಿದ. ನಾಲ್ಕು ಸಲ ಕೈ ಎದ್ದದ್ದು, ವೆಂಡಲ್ ಅಪ್ಪನ ಬಗ್ಗೆ ಅಂದದ್ದು.

"ಕೈ ನನ್ನ ಮಾತು ಕೇಳಲ್ಲ ನೋರೀನ್. ಅಪ್ಪನ ಕೈ ಅದು. ನಾಳೆ ಅಷ್ಟು ಜನರ ಎದುರಿಗೆ ಕೋಲು ಬಿದ್ರೆ, ಇನ್ನು ಆ ಹೆಸರು ನಮ್ಮ ಮನೆತನಕ್ಕೇ ಅಂಟ್ಕೊಳ್ಳುತ್ತೆ. ಸತ್ತೋನನ್ನೂ ಎಬ್ಬಿಸಿ ಅಂದಂಗೆ ಆಗುತ್ತೆ."

ನೋರೀನ್ ಬಟ್ಟೆ ಕೆಳಗಿಟ್ಟಳು. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಇಡೀ ಜಿಲ್ಲೆಯ ಎದೆ, ಬೆನ್ನು, ಪಕ್ಕೆಲುಬು ಅವಳೆದುರು ಅಲುಗಾಡದೆ ನಿಂತಿವೆ.

"ನಿಂತ್ಕೋ," ಎಂದಳು. ಆರ್ಲೋ ನಿಂತ. "ಎರಡೂ ಕೈಲಿ ಈ ಪೊರಕೆ ಹಿಡ್ಕೋ. ಈಗ ಉಸಿರು ತಗೋ. ಹಿಡ್ಕೋ. ಅಲುಗಾಡಬೇಡ. ಉಸಿರು ಹಿಡ್ದೋನ ಕೈ ಮೇಲೇಳಲ್ಲ ಮಾರಾಯ, ಬಾಯೂ ಬಿಡಲ್ಲ. ಎಂಥೆಂಥ ಹಠಮಾರಿಗಳನ್ನ ನಿಲ್ಲಿಸಿದೀನಿ."

ಆರ್ಲೋ ಉಸಿರು ಹಿಡಿದು, ಪೊರಕೆ ಹಿಡಿದು, ಕೆಂಪಾಗಿ ನಿಂತ. ಲೈಲ್ ಒದ್ದೆ ಕೈಯಲ್ಲೇ ಇಣುಕಿ ನೋಡಿ, ಅಕ್ಕ ಭಾವನಿಗೆ ಏನು ಶಿಕ್ಷೆ ಕೊಡುತ್ತಿದ್ದಾಳೆಂದು ಕೇಳಲು ಹೋದವನು ಮತ್ತೆ ಪಾತ್ರೆಗಳತ್ತ ತಿರುಗಿದ.

"ಬಿಡು," ಎಂದಳು ನೋರೀನ್. ಆರ್ಲೋ ಬಿಟ್ಟ, ಏದುಸಿರಿನಲ್ಲೇ ನಕ್ಕು ಕೇಳಿದ: "ನಾಳೆ ಬಿಡು ಅನ್ನೋರು ಯಾರು? ನೀನು ಗುಡ್ಡದಲ್ಲಿರ್ತೀಯ."

"ಅಷ್ಟೂ ಗೊತ್ತಾಗಲ್ವಾ ನಿಂಗೆ," ಎಂದು ಅವಳು ಪೊರಕೆ ಕಸಿದುಕೊಂಡಳು.

ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬಿದ್ದಿತ್ತು, ಹತ್ತು ಗಂಟೆಗೆ ಬಿಸಿಲು ಬಂದು ಎಲ್ಲ ಹನಿಯಾಯಿತು. ಆರ್ಲೋ ಕಪ್ಪು ಪ್ಯಾಂಟು ಹಾಕಿ, ವೆಂಡಲ್ ಕೊಟ್ಟ ಬಿಳಿ ಅಂಗಿ ತೊಟ್ಟು ಬಾಗಿಲ ಬಳಿ ಬೂಟಿಗೆ ದಾರ ಕಟ್ಟುತ್ತಿದ್ದಾಗ ನೋರೀನ್ ಬಂದು ನಿಂತು, ಪ್ಯಾಂಟು ಮೇಲೆತ್ತು ಎಂದಳು. ಅವನು ಎತ್ತಿದ. ಹಸಿರು ಕಾಲುಚೀಲ. ಬೂಟಿನೊಳಗೆ ಯಾರು ನೋಡುತ್ತಾರೆಂದು ಅವನ ವಾದ. ಅವಳು ಬೂದು ಬಣ್ಣದ ಜೋಡಿ ತಂದು ಕೈಗಿಟ್ಟಳು, ಅವನು ಬದಲಿಸಿದ. ಇಷ್ಟು ವಯಸ್ಸಾಗಿ ಕಾಲುಚೀಲದಲ್ಲಿ ಕಳ್ಳತನ ಮಾಡಲು ಹೋಗಿ ಸಿಕ್ಕಿಬಿದ್ದೆನಲ್ಲ ಎಂದು ನಾಚಿಕೆಯಾಯಿತು. ಹಸಿರು ಜೋಡಿಯನ್ನು ನೋರೀನ್ ಮಡಚಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

ಮೈದಾನದ ಬಾಗಿಲಲ್ಲಿ ಬಿಸಿ ಸೇಬಿನ ರಸ, ಸಕ್ಕರೆ ಹೊರಳಿಸಿದ ಡೋನಟ್ಟು, ಕಾಲೇಜಿನ ವಾದ್ಯದವರ ಡೋಲು. ಬೇರೆ ವರ್ಷವಾಗಿದ್ದರೆ ಅವನು ಎಡಕ್ಕೆ ತಿರುಗಿ ಗುಡ್ಡ ಹತ್ತಬೇಕಿತ್ತು. ಇವತ್ತು ಬಲಕ್ಕೆ ತಿರುಗಿದ. ಗುಡ್ಡದವರು ಮೇಲಿನಿಂದಲೇ ಕೂಗಿ, ಹೊಸ ಸಂಬಂಧಿಕರನ್ನು ಹುಡುಕಿಕೊಂಡೆಯಾ, ಮೂರನೆಯ ಸರದಿಗೆ ನಮಗೆ ದನಿ ಯಾರು ಎಂದು ಕೇಳಿದರು. ಅವನು ಕೈ ಬೀಸಿದ. ಅದನ್ನಾದರೂ ಮಾಡಬಹುದು, ಆಟ ಇನ್ನೂ ಶುರುವಾಗಿರಲಿಲ್ಲ. ವೆಂಡಲ್ ಹಗ್ಗದ ಹೊರಗೆ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. ಆರ್ಲೋನ ಎರಡೂ ಕೈಗಳನ್ನು ಒಮ್ಮೆ ನೋಡಿ ತಲೆಯಾಡಿಸಿದ.

ಆಚೆ ಬದಿಗೆ ಹೋಗಿ ನಿಂತು ತಿರುಗಿದಾಗ ಆರ್ಲೋಗೆ ಒಂದು ವಿಚಿತ್ರವಾಯಿತು. ಎದುರಿಗೆ ಗುಡ್ಡ. ಮೂವತ್ತೆಂಟು ವರ್ಷ ಅದರ ಮೇಲೆ ಕೂತಿದ್ದ, ಒಮ್ಮೆಯೂ ಅದನ್ನು ನೋಡಿರಲಿಲ್ಲ. ಇಷ್ಟು ಚಿಕ್ಕದೇ ಎನಿಸಿತು. ಹಸಿರು ಟೋಪಿಗಳ ನಡುವೆ ನೋರೀನಳ ನೀಲಿ ಕೋಟು, ಅವಳ ಪಕ್ಕದಲ್ಲಿ ಕಂಬಳಿಯ ಮೇಲೆ ಒಬ್ಬರು ಕೂರುವಷ್ಟು ಖಾಲಿ ಜಾಗ. ಅದು ತನ್ನದು. ಬೆನ್ನ ಹಿಂದೆ ಲೈಲ್ ಕೆಂಪು ಕೋಟಿನಲ್ಲಿ ಬಂದು ಹಗ್ಗಕ್ಕೆ ಒರಗಿ, "ಭಾವ, ಕಾಫಿ?" ಎಂದ. ತೀರ್ಪುಗಾರ ಸೀಟಿ ಊದಿದ.

ಚೆಂಡು ಮೊದಲು ಬ್ರಾಂಟಿಗೆ ಬಂತು. ಮೊದಲ ಸರದಿಯಲ್ಲಿ ಐದು ಗಜ ಹೋದರು. ಎರಡನೆಯದರಲ್ಲಿ ಮೂರು. ಕೆಂಪಿನವರು ಬೆನ್ನ ಹಿಂದೆ ಕುಣಿದರು, ಯಾರೋ ಗಂಟೆ ಬಾರಿಸಿದರು. ಉಳಿದದ್ದು ಎರಡು ಗಜ, ಮತ್ತು ಮೂರನೆಯ ಸರದಿ. ಆರ್ಲೋನ ಕೋಲು ನಿಂತಿದ್ದ ಜಾಗ ಮುಟ್ಟಿದರೆ ಅವರಿಗೆ ಮತ್ತೆ ನಾಲ್ಕು ಸರದಿ.

ಗುಡ್ಡ ಸುಮ್ಮನಾಯಿತು. ರೂಢಿಯಂತೆ, ದನಿಗಾಗಿ ಕಾದು. ಆರ್ಲೋನ ಹೊಟ್ಟೆಯ ಆಳದಲ್ಲಿ ಅದು ಆಗಲೇ ಎದ್ದಿತ್ತು, ಎದೆಗೆ ಬಂದಿತ್ತು, ಗಂಟಲಿಗೆ ಬಂದಿತ್ತು. ಅವನು ಉಸಿರು ಹಿಡಿದ. ಹತ್ತೂ ಬೆರಳು ಕೋಲಿಗೆ ಬಿಗಿದ. ಮೈದಾನದಲ್ಲಿ ಇಷ್ಟು ಮೌನ ಅವನು ಕೇಳಿರಲಿಲ್ಲ, ಕೇಳಲು ಸಾಧ್ಯವೂ ಇರಲಿಲ್ಲ, ಆ ಹೊತ್ತಿನಲ್ಲಿ ಯಾವಾಗಲೂ ಕೂಗುತ್ತಿದ್ದವನು ಅವನೇ. ಗುಡ್ಡದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಇಲ್ಲಿಂದಲೇ ಕಾಣುತ್ತಿತ್ತು.

ಆಗ ನೀಲಿ ಕೋಟು ಎದ್ದು ನಿಂತಿತು.

"ಒಂದಿಂಚೂ ಬಿಡಬೇಡ್ರೋ!"

ತೆಳ್ಳನೆಯ ದನಿ, ನಡುವೆ ಒಡೆದು ಕೀಚಲಾಯಿತು. ಅಭ್ಯಾಸವಿಲ್ಲದ ಗಂಟಲು. ಆದರೆ ಮೈದಾನದ ಈ ಬದಿಗೂ ಸ್ಪಷ್ಟವಾಗಿ ಬಂತು. ಒಂದು ಕ್ಷಣ ಗುಡ್ಡ ಬೆಚ್ಚಿತು, ಆಮೇಲೆ ಇಡೀ ಗುಡ್ಡವೇ ಬಾಯಿ ತೆರೆಯಿತು. ಆ ಗದ್ದಲದಲ್ಲೇ ಎರಡು ತಂಡದ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು, ಕೋಲಿನ ನೇರಕ್ಕೆ ಮೈದಾನದ ನಡುವೆ ಒಂದು ರಾಶಿಯಾದರು.

ತೀರ್ಪುಗಾರ ಒಬ್ಬೊಬ್ಬರನ್ನೇ ಎಬ್ಬಿಸಿ ಚೆಂಡು ಹುಡುಕಿ ನೆಲಕ್ಕಿಟ್ಟ. ಕತ್ತು ಓರೆ ಮಾಡಿ ನೋಡಿದ. ಹೇಳಲಾಗಲಿಲ್ಲ ಅವನಿಗೆ. ಸರಪಳಿಯವರತ್ತ ಕೈ ಮಾಡಿದ.

ಬೆನ್ನ ಹಿಂದೆ ಲೈಲ್ ಮೆಲ್ಲಗೆ ಅಂದ: "ಭಾವ, ಅದು ನಮ್ಮಕ್ಕ." ಅದರಲ್ಲಿ ಗೇಲಿ ಇರಲಿಲ್ಲ. ನಂಬಲಾಗದೆ ತನಗೆ ತಾನೇ ಹೇಳಿಕೊಂಡ ಹಾಗಿತ್ತು.

ಆರ್ಲೋ ಕೋಲು ಎತ್ತಿಕೊಂಡು ಹುಲ್ಲಿನ ಮೇಲೆ ನಡೆದ. ಹಿಂದಿನ ಕೋಲಿನವನೂ ಕ್ಲಿಪ್ಪು ಹಿಡಿದವನೂ ಜೊತೆಗೆ ಬಂದರು. ಅಪ್ಪ ನಡೆಯಬೇಕಾಗಿದ್ದ ಆ ಮೂವತ್ತು ಹೆಜ್ಜೆ. ಮೊದಲು ಕ್ಲಿಪ್ಪನ್ನು ಗೆರೆಗೆ ಕೂರಿಸಿದರು, ಹಿಂದಿನ ಕೋಲು ಊರಿದರು, ಆರ್ಲೋ ಸರಪಳಿ ಬಿಗಿಯಾಗಿ ಎಳೆದು ಚೆಂಡಿನ ಪಕ್ಕ ತನ್ನ ಕೋಲನ್ನು ನೆಟ್ಟಗೆ ನಿಲ್ಲಿಸಿದ. ತೀರ್ಪುಗಾರ ಮಂಡಿಯೂರಿದ. ಚೆಂಡಿನ ಮೂತಿಗೂ ಕೋಲಿಗೂ ನಡುವೆ ನಾಲ್ಕು ಬೆರಳು ಹುಲ್ಲು ಕಾಣುತ್ತಿತ್ತು. ಮುಟ್ಟಿಲ್ಲ ಎಂದು ತೀರ್ಪುಗಾರ ಎರಡು ಅಂಗೈ ಎತ್ತಿ ತೋರಿಸಿದ. ಗುಡ್ಡದಿಂದ ಬಂದ ಸದ್ದಿಗೆ ಆರ್ಲೋನ ಬಲಗೈ ಬೆರಳುಗಳು ಕೋಲು ಬಿಟ್ಟು ಏಳಲು ನೋಡಿದವು. ಎಡಗೈ ಅವುಗಳ ಮೇಲೆ ಬಂದು ಕೂತಿತು.

ಆಟ ಇನ್ನೂ ಮೂರು ನಿಮಿಷವೂ ಆಗಿರಲಿಲ್ಲ. ಹಂಡೆ ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅವನು ಕೋಲು ಹೊತ್ತು ತನ್ನ ಬದಿಗೆ ಹೋಗಿ, ಹಳೆಯ ಗುರುತಿನಲ್ಲೇ ಊರಿ, ತಲೆ ಎತ್ತಿದ. ಎದುರು ಗುಡ್ಡದಲ್ಲಿ ಎಲ್ಲರೂ ಕೂತಿದ್ದರು, ನೋರೀನ್ ಒಬ್ಬಳು ನಿಂತಿದ್ದಳು. ಒಂದು ಕೈ ಗಂಟಲ ಮೇಲಿತ್ತು. ಇನ್ನೊಂದನ್ನು ಅವಳು ನಿಧಾನವಾಗಿ ಕೆಳಗೆ ಇಳಿಸಿದಳು, ಆಸ್ಪತ್ರೆಯಲ್ಲಿ ಗಾಜಿನ ಆಚೆಯಿಂದ ಉಸಿರು ಬಿಡಿ ಎಂದು ಸನ್ನೆ ಮಾಡುವ ಹಾಗೆ.

ಆಗಲೇ ಆರ್ಲೋಗೆ ತಾನು ಇನ್ನೂ ಉಸಿರು ಹಿಡಿದೇ ಇದ್ದೇನೆಂದು ಗೊತ್ತಾದದ್ದು. ಬಿಟ್ಟ. ಬಾಯಿಂದ ಬಿಳಿ ಆವಿ ಹೊರಟು ಕೋಲನ್ನು ಸುತ್ತಿ ಕರಗಿತು. ಅಲ್ಲಿ ನೋರೀನ್ ಕಂಬಳಿಯ ಮೇಲೆ ಕೂತು, ಹುಲ್ಲಿಗೆ ಉರುಳಿದ್ದ ಉಣ್ಣೆಯ ಉಂಡೆಯನ್ನು ಹುಡುಕತೊಡಗಿದಳು.